ಬಳಕೆ ತಪ್ಪಿದ ಮದ್ದಿನ ಪಾಠ

ಅರಿವಳಿಕೆಯ ವಿದ್ಯೆಯನ್ನು ಕಲಿಯುವ ತರುಣ ವೈದ್ಯನು ಈಥರ್, ಕ್ಲೋರೋಫಾರಂಗಳ ಅಧ್ಯಾಯಕ್ಕೆ ಬಂದೊಡನೆ, ‘ಆಸ್ಪತ್ರೆಗಳು ಬಹುಮಟ್ಟಿಗೆ ಕೈಬಿಟ್ಟ ಮದ್ದುಗಳನ್ನು ನಾನೇಕೆ ಓದಬೇಕು?’ ಎಂದು ಕೇಳುವುದು ಸಹಜವೇ. ಉತ್ತರವನ್ನು ನಮ್ಮ ಕಡಲಕರೆಯಿಂದಲೇ ಆರಂಭಿಸೋಣ.

೧೮೪೬ರಲ್ಲಿ ಬಾಸ್ಟನ್ ನಗರದಲ್ಲಿ ಪ್ರಸಿದ್ಧಿಗೆ ಬಂದ ಈಥರ್ ಸುಮಾರು ೩೫ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೇ ಕುದಿಯುವುದು. ಕುಮಟಾ, ಹೊನ್ನಾವರ, ಭಟ್ಕಳಗಳ ಬೇಸಿಗೆಯ ಮಧ್ಯಾಹ್ನವು ಈ ಮಟ್ಟಕ್ಕೆ ಸಮೀಪವೇ ಇರುವುದು. ಮೇಲಾಗಿ ಅದರ ಆವಿಗೆ ದೀಪ ತಗುಲಿದರೆ ಹೊತ್ತಿಕೊಳ್ಳುವುದು. ೧೮೪೭ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಬಳಕೆಗೆ ತಂದ ಕ್ಲೋರೋಫಾರಂ ೬೧ ಡಿಗ್ರಿಯವರೆಗೆ ಕುದಿಯದು, ಸುಲಭವಾಗಿ ಹೊತ್ತದು. ಉಷ್ಣದೇಶದ ವೈದ್ಯರು ಅದನ್ನು ಮೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ೧೮೪೮ರಲ್ಲಿಯೇ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ ೧೫ ವರ್ಷದ ಹುಡುಗಿಯು, ಕಾಲುಬೆರಳಿನ ಉಗುರನ್ನು ತೆಗೆಸಿಕೊಳ್ಳುವಾಗ, ಕ್ಲೋರೋಫಾರಂ ಸೇವಿಸಿ ಮಡಿದಳು. ಇಂತಹ ಸಾವುಗಳಿಗೆ ಕಾರಣವೇನು? ಅಂದು ಕಲಬುರಗಿ, ರಾಯಚೂರು, ಬೀದರುಗಳನ್ನೂ ಒಳಗೊಂಡಿದ್ದ ಹೈದರಾಬಾದು ಸಂಸ್ಥಾನದಲ್ಲಿ ೧೮೮೮, ೧೮೮೯ರಲ್ಲಿ ಎರಡು ಸಮಿತಿಗಳು ವಿಚಾರಿಸಿ, ಮೊದಲು ನಿಲ್ಲುವುದು ಉಸಿರು, ಅದನ್ನು ಕಾದರೆ ಸಾಕೆಂದು ತೀರ್ಮಾನಿಸಿದವು. ೧೯೧೧ರಲ್ಲಿ ಲೆವಿ ಎಂಬ ವೈದ್ಯನು ಬೆಕ್ಕುಗಳನ್ನು ಪರೀಕ್ಷಿಸಿ, ಲಘುವಾದ ಕ್ಲೋರೋಫಾರಂ ಅಮಲಿನಲ್ಲಿ ಅಡ್ರಿನಲಿನ್ ಸೇರಿದರೆ ಹೃದಯವೇ ತತ್ತರಿಸಿ ನಿಲ್ಲಬಹುದೆಂದು ತೋರಿಸಿದನು.

೧೯೫೬ರಲ್ಲಿ ಬಳಕೆಗೆ ಬಂದ ಹ್ಯಾಲೊಥೇನ್ ಹೊತ್ತಿಕೊಳ್ಳದು; ಆದರೆ ಅಡ್ರಿನಲಿನ್ ಕೂಡಿದರೆ ಅದೂ ಹೃದಯದ ಬಡಿತವನ್ನು ಕೆಡಿಸಬಲ್ಲದು. ಹಳೆಯ ಅಧ್ಯಾಯವನ್ನು ಓದಿದವನು ಇದನ್ನು ಮೊದಲೇ ಶಂಕಿಸುವನು. ನಾಳೆ ಹೊನ್ನಾವರದ ರೋಗಿಯೊಬ್ಬನ ತಲೆಯ ಬಳಿ ಕುಳಿತು ನಾಡಿಯನ್ನು ಹಿಡಿಯುವವನು ಅದನ್ನು ಓದಿದವನೇ ಆಗಿರಲೆಂದು ನಾವು ಬಯಸುತ್ತೇವೆ.