ಹಿಂಡಿ

ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಗಟ್ಟಿ ಚರಟವೇ ಹಿಂಡಿ. ಹಿಂಡು ಎಂಬ ಕ್ರಿಯಾಪದದ ನಂಟಿನ ಪದ. ಹಳಗನ್ನಡದಲ್ಲಿ ಅದು ಪಿಂಡು. ಕಡಲೆಕಾಯಿ ಹಿಂಡಿ ಹಸುವಿಗೆ. ಕಹಿಯಾದ ಹೊಂಗೆ, ಬೇವಿನ ಹಿಂಡಿ ಹೊಲ, ತೋಟಗಳಿಗೆ.

ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಕಟ್ಟಿ, ಹೊಂಗೆಯೆಣ್ಣೆಯನ್ನು ಡೀಸೆಲ್‌ ಆಗಿಸುವ ಕೆಲಸ ಮಾಡಿದೆ. ಎಣ್ಣೆ ತೆಗೆದುಳಿದ ಹಿಂಡಿಯಿಂದ ಗ್ಯಾಸ್ ಕೂಡ ತೆಗೆಯಬಹುದು. ಇಂಥ ಇಂಧನದಿಂದ ಹವಾಮಾನಕ್ಕೆ ಎಷ್ಟು ಒಳಿತು ಎಂಬ ಲೆಕ್ಕ ಕಷ್ಟವಾಗುವುದು ಇಲ್ಲೇ. ಉಳಿಕೆ ಎಂದ ಮಾತ್ರಕ್ಕೆ ಅದರ ಇಂಗಾಲದ ಬಾಬತ್ತು ಸೊನ್ನೆಯಲ್ಲ. ಹೊಂಗೆ ಹಿಂಡಿಯಲ್ಲಿ ಸುಮಾರು ಶೇ. 4ರಷ್ಟು ಸಾರಜನಕವಿದೆ. ಅದನ್ನು ಒಲೆಗೆ ಹಾಕಿ ಸುಟ್ಟರೆ ಆ ಸಾರಜನಕ ಹೊಲಕ್ಕೆ ಸಿಗದು. ರೈತ ಯೂರಿಯಾ ಕೊಳ್ಳಬೇಕು. ಯೂರಿಯಾ ತಯಾರಿಗೆ ಬಹುಮಟ್ಟಿಗೆ ನೈಸರ್ಗಿಕ ಅನಿಲ ಬೇಕು. ಗ್ಯಾಸ್ ತೆಗೆದು ಬಗ್ಗಡವನ್ನು ಹೊಲಕ್ಕೆ ಮರಳಿಸಿದರೆ ಬಹುಪಾಲು ಸಾರಜನಕ ಉಳಿಯುತ್ತದೆ, ಮೀಥೇನ್ ಸೋರದಂತೆ ನೋಡಿಕೊಂಡರೆ ಲಾಭವೂ ಉಂಟು.

ಹಿಂಡಿಯನ್ನು ತ್ಯಾಜ್ಯದ ಪಟ್ಟಿಗೆ ಸೇರಿಸುವ ಮುನ್ನ, ಅದು ಇಷ್ಟು ದಿನ ಎಲ್ಲಿಗೆ ಹೋಗುತ್ತಿತ್ತು ಎಂದು ಲೆಕ್ಕ ಹಾಕುವವರು ರೈತರನ್ನು ಕೇಳಲೇಬೇಕು.