ಹಿಮದ ಮೇಲಿನ ಲಾಗಕ್ಕೆ ಅಂಕ ಬಂದದ್ದು ಹೇಗೆ?

ಎಕಂಬಾದಲ್ಲಿ ಹಿಮ ಬೀಳುವುದಿಲ್ಲ. ಆದರೆ ಬಾವಿಗೆ ಲಾಗ ಹೊಡೆಯುವ ಹುಡುಗರು ಯಾವ ಊರಲ್ಲಿಲ್ಲ? ಯಾರ ಲಾಗ ಚೆಂದ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಫ್ರೀಸ್ಟೈಲ್ ಸ್ಕೀಯಿಂಗ್ ಎದುರಿಸಿದ್ದೂ ಇದೇ ಪ್ರಶ್ನೆ.

ಸ್ಕೀ ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿ. ಇಳಿಜಾರಿನಲ್ಲಿ ಬೇಗ ಇಳಿದವರೇ ಗೆದ್ದರು ಎಂಬುದು ಹಳೆಯ ಲೆಕ್ಕ. ನಾರ್ವೆಯ ಸ್ಟೈನ್ ಎರಿಕ್ಸನ್ 1952ರ ಒಲಿಂಪಿಕ್ಸ್‌ನಲ್ಲಿ ಹಾಗೆಯೇ ಚಿನ್ನ ಗೆದ್ದರು. ಮುಂದೆ ಅಮೆರಿಕಕ್ಕೆ ಹೋಗಿ, ಸ್ಕೀ ಕಟ್ಟಿಕೊಂಡೇ ಲಾಗ ಹೊಡೆದು ಜನರನ್ನು ಬೆರಗುಗೊಳಿಸಿದರು. 1960ರ ದಶಕದಲ್ಲಿ ಅಲ್ಲಿ ಇದೇ ಪೈಪೋಟಿಯಾಯಿತು. 1970ರ ದಶಕದಲ್ಲಿ ಕೆಲವರ ಬೆನ್ನುಮೂಳೆಯೇ ಮುರಿಯಿತು.

1979ರಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಈ ಆಟಕ್ಕೆ ಮಾನ್ಯತೆ ಕೊಟ್ಟಿತು. ಜೊತೆಗೆ ಯಾರು ಜಿಗಿಯಬಹುದು, ಹೇಗೆ ಜಿಗಿಯಬೇಕು ಎಂದು ಕಟ್ಟುಪಾಡು ಹಾಕಿತು. ನೆಲ ಬಿಟ್ಟ ರೀತಿ, ಗಾಳಿಯಲ್ಲಿ ಮೈ ಹಿಡಿದ ರೀತಿ, ಇಳಿದ ರೀತಿ ನೋಡಿ ಅಂಕ. ಕಷ್ಟದ ಲಾಗಕ್ಕೆ ಹೆಚ್ಚು ಅಂಕ. ಬೇಸಿಗೆಯಲ್ಲಿ ಆಟಗಾರರು ನೀರಿನ ಕೊಳಕ್ಕೆ ಜಿಗಿದು ಕಲಿಯುತ್ತಾರೆ. ಮೊದಲು ನೀರು, ಆಮೇಲೆ ಹಿಮ.

1988ರ ಒಲಿಂಪಿಕ್ಸ್‌ನಲ್ಲಿ ಬರೀ ಪ್ರದರ್ಶನವಾಗಿತ್ತು. 1992ರಲ್ಲಿ ಹಿಮದ ಉಬ್ಬುತಗ್ಗಿನ ಮೇಲೆ ಇಳಿಯುವ 'ಮೊಗಲ್ಸ್'ಗೆ, 1994ರಲ್ಲಿ ಲಾಗ ಹೊಡೆಯುವ 'ಏರಿಯಲ್ಸ್'ಗೆ ಪದಕ ಬಂತು. ಹಾಡಿಗೆ ಕುಣಿಯುವ ಸ್ಕೀ ಬ್ಯಾಲೆಗೆ ಮಾತ್ರ ಪದಕ ಸಿಗಲೇ ಇಲ್ಲ. ಆ ಆಟ ಮರೆಯಾಯಿತು.

ಹಿಮವಿಲ್ಲದ ನಮ್ಮ ರಾಜ್ಯದವರೂ ಸ್ಕೀ ಕಟ್ಟಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಆಡುವುದು ಲಾಗದ ಆಟವಲ್ಲ, ದೂರದ ಓಟದ ಕ್ರಾಸ್‌ಕಂಟ್ರಿ ಸ್ಕೀಯಿಂಗ್. 2025ರಲ್ಲಿ ಚಿಲಿ ದೇಶದಲ್ಲಿ 5 ಕಿ.ಮೀ. ಸ್ಪರ್ಧೆಯ ಕಂಚು ಅವರದಾಯಿತು. ಹಿಮ ಹುಟ್ಟೂರಲ್ಲೇ ಇರಬೇಕೆಂದಿಲ್ಲ; ಕಲಿಸುವವರು, ಕಟ್ಟುಪಾಡು, ಅವಕಾಶ ಇರಬೇಕು.