ಮಾರ್ಗದರ್ಶಕರ ಶಿಕ್ಷಣಕ್ಕೆ ದ್ರವ್ಯಸಹಾಯ

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ದಾರಿದ್ರ್ಯನಿವಾರಣೆಗಾಗಿ 1964ನೆಯ ಇಸವಿಯಲ್ಲಿ ಆದ ಶಾಸನದ ಫಲವಾಗಿ, ಬಡ ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವ ‘ಅಪ್‌ವರ್ಡ್ ಬೌಂಡ್’ ವ್ಯವಸ್ಥೆಯು ಉದಯಿಸಿತು. 1965ರಲ್ಲಿಯೂ 1968ರಲ್ಲಿಯೂ ಇನ್ನೆರಡು ಕೂಡಲು, ಮೂರಕ್ಕೂ ‘ಟ್ರಯೋ’ ಎಂಬ ಹೆಸರಾಯಿತು. ಮುಂದೆ ಸಂಖ್ಯೆಯು ಮೂರನ್ನು ಮೀರಿದರೂ ಹೆಸರು ಹಾಗೆಯೇ ನಿಂತಿತು.

ತಾಯಿತಂದೆಗಳು ಕಾಲೇಜಿನ ಮೆಟ್ಟಿಲು ತುಳಿಯದ ಮನೆಯಲ್ಲಿ ಮಕ್ಕಳಿಗೆ ಬುದ್ಧಿಯಿದ್ದರೂ ದಾರಿ ತಿಳಿಯದು. ಯಾವ ಪಾಠವನ್ನು ಆಯ್ದುಕೊಳ್ಳಬೇಕು, ಅರ್ಜಿಯನ್ನು ಎಂದು ಕಳುಹಬೇಕು, ಧನಸಹಾಯಕ್ಕಾಗಿ ಮನೆಯ ಆದಾಯವನ್ನು ಹೇಗೆ ತೋರಿಸಬೇಕು, ಇವನ್ನು ಹೇಳಬೇಕಾದವರೇ ಅರಿಯದವರಾದರೆ ಕೊಟ್ಟ ಹಣವೆಲ್ಲ ವ್ಯರ್ಥವಷ್ಟೆ? 1976ರ ತಿದ್ದುಪಡಿಯು ಆ ಕಾರ್ಯಕರ್ತರ ಶಿಕ್ಷಣಕ್ಕೆಂದೇ ದ್ರವ್ಯವನ್ನು ವಿಧಿಸಿತು. ಮೊದಲೇ ಆಗಬೇಕಾದ ಕಾರ್ಯವು 12 ವರ್ಷ ತಡವಾಯಿತೆನ್ನಬೇಕು. ವಿಶ್ವವಿದ್ಯಾಲಯಗಳೂ ಲಾಭಾಪೇಕ್ಷೆಯಿಲ್ಲದ ಸಂಸ್ಥೆಗಳೂ ಈ ಹಣವನ್ನು ಪಡೆದು, ಅವರಿಗೆ ಶಾಸನದ ನಿಯಮಗಳನ್ನೂ ಧನಸಹಾಯದ ಕ್ರಮವನ್ನೂ, ಕೈಗೆ ಸಿಗದ ಮಕ್ಕಳನ್ನು ಹುಡುಕಿ ಕರೆತರುವ ಉಪಾಯವನ್ನೂ ಕಲಿಸಿಬಂದಿವೆ.